ದಿನ ಬಿಟ್ಟು ದಿನ ನುಂಗಿದರೆ ಡೋಸ್ ಇಳಿಯುವುದಿಲ್ಲ

“ಈಗ ಚೆನ್ನಾಗಿದ್ದೀನಿ ಡಾಕ್ಟ್ರೇ, ಅದಕ್ಕೇ ಮಾತ್ರೆ ದಿನ ಬಿಟ್ಟು ದಿನ ತಗೊಳ್ತಿದ್ದೀನಿ.” ಎರಡು ಮೂರು ಸಲ ಖಿನ್ನತೆಗೆ ಬಿದ್ದು ಎದ್ದವರು ಇದನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಾರೆಂದರೆ ಬೈಯಲೂ ಮನಸ್ಸು ಬಾರದು. ಏಕಾಏಕಿ ಬಿಡಬಾರದು ಅನ್ನುವ ಎಚ್ಚರವಾದರೂ ಇದೆಯಲ್ಲ! ವಾರಕ್ಕೆ ಏಳು ಮಾತ್ರೆಯ ಜಾಗದಲ್ಲಿ ಮೂರೋ ನಾಲ್ಕೋ ಆದರೆ ಅರ್ಧ ಡೋಸ್ ಆಯಿತು ಎಂಬ ಲೆಕ್ಕ. ಆದರೆ ದೇಹ ವಾರದ ಲೆಕ್ಕ ಇಡುವುದಿಲ್ಲ.

ಖಿನ್ನತೆಗೆ ಕೊಡುವ ಎಸಿಟಾಲೊಪ್ರಾಮ್ ಎಂಬ ಮದ್ದು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 30 ಗಂಟೆ ಬೇಕು. ದಿನವೂ ನುಂಗುವವರಲ್ಲಿ ಮರುದಿನದ ಮಾತ್ರೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚೇ ಉಳಿದಿರುತ್ತದೆ. 48 ಗಂಟೆ ಕಳೆದರೆ ಉಳಿಯುವುದು ಮೂರರಲ್ಲೊಂದು ಪಾಲು. ಖಿನ್ನತೆಯ ಬೇರೆ ಮದ್ದುಗಳಾದ ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಇನ್ನೂ ಬೇಗ ಖಾಲಿಯಾಗುತ್ತವೆ. ಅಂದರೆ ಡೋಸ್ ಅರ್ಧವಾಗುತ್ತಿಲ್ಲ, ಎರಡು ದಿನಕ್ಕೊಮ್ಮೆ ಏರಿ ಇಳಿಯುತ್ತಿದೆ. ಫ್ಲೂಆಕ್ಸೆಟಿನ್ ಒಂದು ಮಾತ್ರ ಇದಕ್ಕೆ ಹೊರತು. ಅದೂ ಅದರಿಂದ ದೇಹದಲ್ಲಿ ಹುಟ್ಟುವ ಅಂಶವೂ ಸೇರಿ ವಾರಗಟ್ಟಲೆ ಉಳಿಯುತ್ತವೆ.

ಈ ಏರಿಳಿತದ ಫಲ ಗೊತ್ತೇ ಇದೆ. ಮಾತ್ರೆ ಇಲ್ಲದ ದಿನ ತಲೆಸುತ್ತು, ವಾಕರಿಕೆ, ಸಿಡುಕು, ಕಾರಣವಿಲ್ಲದ ಅಳು, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ನುಂಗಿದ ದಿನ ಎಲ್ಲ ಸರಿ. ಇದನ್ನು ಕಂಡು ಕೆಲವರು ‘ಚಟ ಹತ್ತಿಬಿಟ್ಟಿದೆ’ ಎಂದು ಹೆದರಿ ಪೂರ್ತಿ ಬಿಡುತ್ತಾರೆ, ಕೆಲವರು ‘ಕಾಯಿಲೆ ಮತ್ತೆ ಬಂತು’ ಎಂದು ಕುಸಿಯುತ್ತಾರೆ. ಡೋಸ್ ಇಳಿದ ಎರಡು ಮೂರು ದಿನದಲ್ಲೇ ಶುರುವಾಗಿ, ಮತ್ತೆ ನುಂಗಿದ ಒಂದೆರಡು ದಿನದಲ್ಲಿ ಅಡಗಿದರೆ ಅದು ಬಹುಮಟ್ಟಿಗೆ ಮದ್ದು ತಪ್ಪಿದ ತೊಂದರೆ. ಖಿನ್ನತೆ ಹಾಗಲ್ಲ, ವಾರ ತಿಂಗಳು ಕಳೆದ ಮೇಲೆ ಮೆಲ್ಲಗೆ ಬರುತ್ತದೆ: ಬೆಳಗಿನ ಜಾವ ಮೂರಕ್ಕೇ ಎಚ್ಚರ, ಯಾವುದರಲ್ಲೂ ರುಚಿಯಿಲ್ಲ, ಫೋನ್ ಬಂದರೆ ಎತ್ತಲೂ ಬೇಸರ. ಕೆಲವರಲ್ಲಿ ಎರಡೂ ಬೆರೆತಿರುತ್ತವೆ, ನಮಗೂ ಬಿಡಿಸಿ ನೋಡುವುದು ಕಷ್ಟ. ಸಾಯುವ ಯೋಚನೆ ಬಂದರೆ ಮಾತ್ರ ಈ ಲೆಕ್ಕಾಚಾರವೆಲ್ಲ ಬದಿಗಿಟ್ಟು ಅದೇ ದಿನ ವೈದ್ಯರನ್ನು ಕಾಣಬೇಕು.

ಇಳಿಸುವುದಾದರೆ ದಿನದ ಡೋಸನ್ನೇ ಇಳಿಸಬೇಕು. ಎಸಿಟಾಲೊಪ್ರಾಮ್ 20 ಮಿಲಿಗ್ರಾಂನಿಂದ 10ಕ್ಕೆ ಬಂದಾಗ ಅನೇಕರಿಗೆ ಏನೂ ಅನ್ನಿಸುವುದಿಲ್ಲ, ಯಾಕೆಂದರೆ ಮಿದುಳಿನಲ್ಲಿ ಮದ್ದು ಮಾಡುವ ಕೆಲಸದ ಬಹುಪಾಲು 10ರಲ್ಲೇ ಆಗುತ್ತಿರುತ್ತದೆ. ಆ ಧೈರ್ಯದಲ್ಲೇ 5ಕ್ಕೆ ಬಂದು, ಅಲ್ಲಿಂದ ನೇರ ಸೊನ್ನೆಗೆ ಹಾರುತ್ತಾರೆ. ಈ ಏಣಿಯಲ್ಲಿ ಕೆಳಗಿನ ಮೆಟ್ಟಿಲುಗಳೇ ಎತ್ತರ. 5ರ ನಂತರ 2.5, ಬೇಕಾದರೆ ಅದಕ್ಕೂ ಕಡಿಮೆ (ಹನಿಯ ರೂಪದ ಮದ್ದು ಸಿಕ್ಕರೆ ಸುಲಭ), ಒಂದೊಂದು ಹಂತದಲ್ಲಿ ಎರಡರಿಂದ ನಾಲ್ಕು ವಾರ. ತಡೆಯಲಾರದಷ್ಟು ತೊಂದರೆಯಾದರೆ ಹಿಂದಿನ ಡೋಸಿಗೆ ಮರಳಿ, ಆಮೇಲೆ ಇನ್ನೂ ಸಣ್ಣ ಹಂತ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಮುರಿಯಲೂ ಬಾರದು, ಪುಡಿ ಮಾಡಲೂ ಬಾರದು.

ಅಸಲಿಗೆ ಇಳಿಸಬೇಕೇ? ಖಿನ್ನತೆ ಮತ್ತೆ ಮತ್ತೆ ಬಂದವರಿಗೆ, ಪೂರ್ತಿ ಚೇತರಿಸಿಕೊಂಡ ಮೇಲೂ ಕನಿಷ್ಠ 2 ವರ್ಷ, ಗುಣವಾದ ಅದೇ ಡೋಸಿನಲ್ಲಿ ಮುಂದುವರಿಸಿ ಎನ್ನುತ್ತೇವೆ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಆಂಟ್ಲರ್ ಅಧ್ಯಯನದಲ್ಲಿ, ಬಹುಕಾಲ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದವರ ಪೈಕಿ ಮಾತ್ರೆ ನಿಲ್ಲಿಸಿದವರಲ್ಲಿ ಶೇ. 56 ಮಂದಿಗೆ ವರ್ಷದೊಳಗೆ ಖಿನ್ನತೆ ಮರುಕಳಿಸಿತು, ಮುಂದುವರಿಸಿದವರಲ್ಲಿ ಶೇ. 39. ಬಿಟ್ಟವರೆಲ್ಲ ಬೀಳಲಿಲ್ಲ, ನುಂಗಿದವರೆಲ್ಲ ಉಳಿಯಲೂ ಇಲ್ಲ. ಹಾಗಾಗಿ ಯಾರಿಗೂ ಗ್ಯಾರಂಟಿ ಕೊಡಲಾರೆ. ಬೈಪೋಲಾರ್ (ಖಿನ್ನತೆಯ ಜೊತೆಗೆ ಆಗಾಗ ಅತಿ ಉತ್ಸಾಹವೂ ಏರುವ ಕಾಯಿಲೆ) ಇದ್ದವರ, ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ತೆಗೆದುಕೊಳ್ಳುವವರ, ಗರ್ಭಿಣಿಯರ ಲೆಕ್ಕ ಬೇರೆಯೇ.

ಇನ್ನೊಂದು ವಿಷಯ. ದಿನ ಬಿಟ್ಟು ದಿನ ನುಂಗುವವರನ್ನು ಕೂರಿಸಿಕೊಂಡು ಕೇಳಿದರೆ ಎಷ್ಟೋ ಸಲ ನಿಜವಾದ ಕಾರಣ ‘ಚೆನ್ನಾಗಿದ್ದೀನಿ’ ಅಲ್ಲ. ಲೈಂಗಿಕ ಆಸಕ್ತಿ ಕುಗ್ಗಿರುತ್ತದೆ, ಇಲ್ಲವೇ ತೂಕ ಏರಿರುತ್ತದೆ, ಹೇಳಲು ಸಂಕೋಚ. ದಯವಿಟ್ಟು ಹೇಳಿ. ಡೋಸ್ ಹೊಂದಿಸಬಹುದು, ಇಲ್ಲವೇ ಈ ಎರಡೂ ಕಾಟ ಕಡಿಮೆಯಿರುವ ಬುಪ್ರೊಪಿಯಾನ್ ಎಂಬ ಖಿನ್ನತೆಯ ಮದ್ದಿಗೆ ಬದಲಿಸಬಹುದು. ಫಿಟ್ಸ್ ಇರುವವರಿಗೆ ಮಾತ್ರ ಅದು ಆಗದು.