ಅಮೇರಿಕಾದಲ್ಲಿ ದುಡ್ಡಿದ್ರೆ ಬಣ್ಣ ಯಾರ್ ನೋಡ್ತಾರೆ ಮೇಡಂ? (ಮತ್ತೆ ಅದೇ ಪ್ರಶ್ನೆ)

ಈ ಸಲದ ಪ್ರಶ್ನೆ ದಾವಣಗೆರೆ ಕಡೆಯಿಂದ. "ಮೇಡಂ, ಅಮೇರಿಕಾದಲ್ಲಿ ಈ ಕಪ್ಪು-ಬಿಳಿ ಅನ್ನೋದೆಲ್ಲ ನಿಜವಾಗ್ಲೂ ಬಡವರ ಸಮಸ್ಯೆ ತಾನೆ? ಚೆನ್ನಾಗ್ ಓದಿ, ಒಳ್ಳೆ ಕೆಲ್ಸದಲ್ಲಿದ್ರೆ ಬಣ್ಣ ಯಾರ್ ನೋಡ್ತಾರೆ? ನನ್ ಮಗ ಮುಂದಿನ ವರ್ಷ ಎಂಎಸ್ ಮಾಡಕ್ಕೆ ಹೋಗ್ತಿದಾನೆ, ನಾವು ಹೆದರ್ಕೋಬೇಕಾ?"

ಇದಕ್ಕೆ ನಾನು ಎಷ್ಟ್ ಸಲ ಉತ್ತರ ಕೊಟ್ಟಿದೀನಿ ಅಂತ ಲೆಕ್ಕ ಇಟ್ಟಿಲ್ಲ. ಮದುವೆ ಊಟದ ಪಂಕ್ತೀಲಿ ಕೇಳ್ತಾರೆ, ವಾಕಿಂಗ್ ಹೋದಾಗ ಕೇಳ್ತಾರೆ, ಚಿಕಾಗೋ ಹತ್ರ 14 ವರ್ಷ ಇದ್ದು ಅಲ್ಲೇ ಒಂದು ಕಾಲೇಜಲ್ಲಿ ಸಮಾಜಶಾಸ್ತ್ರ ಪಾಠ ಮಾಡ್ದೋಳು ಅಂತ ಗೊತ್ತಾದ್ ಕೂಡ್ಲೇ ಕೇಳ್ತಾರೆ, ಕೇಳೋದೂ ಹ್ಯಾಗೆ ಅಂದ್ರೆ ಉತ್ತರ ಅವ್ರೇ ಇಟ್ಕೊಂಡಿರ್ತಾರೆ, ನಾನು ಹೌದು ಅನ್ನಬೇಕು ಅಷ್ಟೆ. ಹೌದು ಅನ್ನಕ್ಕೆ ಆಗಲ್ಲ.

ಮೊದ್ಲು ನಿಮ್ ಮಗನ ವಿಷ್ಯ. ಹೆದರ್ಕೋಬೇಡಿ, ಕಳ್ಸಿ. ಆದ್ರೆ ಚಟ್ನಿಪುಡಿ, ಸಾರಿನ ಪುಡಿ ಜೊತೆ ಈ "ದುಡ್ಡೇ ದೊಡ್ಡಪ್ಪ" ಅನ್ನೋ ನಂಬಿಕೇನೂ ಸೂಟ್‌ಕೇಸಲ್ಲಿ ಹಾಕಿ ಕಳಿಸ್ಬೇಡಿ. ಅದರಿಂದ ಅವನಿಗೂ ತೊಂದ್ರೆ, ಅವನ ಪಕ್ಕ ಕೂತ್ಕೊಳೋ ಕಪ್ಪು ಹುಡ್ಗನಿಗಂತೂ ಇನ್ನೂ ತೊಂದ್ರೆ.

ದುಡ್ಡು ಲೆಕ್ಕಕ್ಕೇ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಇದೆ, ತುಂಬಾ ಇದೆ. ಒಳ್ಳೆ ಏರಿಯಾದಲ್ಲಿ ಮನೆ, ಒಳ್ಳೆ ಸ್ಕೂಲು, ಒಳ್ಳೆ ವಕೀಲ ಇವೆಲ್ಲ ದುಡ್ಡಿಂದಾನೇ ಬರೋದು. ನಾನು ಬೇಡ ಅಂತಿರೋದು ಅದರ ಮುಂದಿನ ವಾಕ್ಯಾನ, ಅಂದ್ರೆ "ಹಾಗಾಗಿ ಬಣ್ಣ ಬರೀ ನೆಪ, ಅಸಲಿ ವಿಷ್ಯ ಬಡತನ" ಅನ್ನೋದನ್ನ.

ಈ ಮಾತು ನಿಜ ಆಗಿದ್ರೆ ಏನಾಗ್ಬೇಕಿತ್ತು ನೋಡಿ. ಕಪ್ಪು ಮನುಷ್ಯ ಮೇಲೆ ಬಂದ ಹಾಗೆ ತಾರತಮ್ಯ ಕಮ್ಮಿ ಆಗ್ತಾ ಆಗ್ತಾ ಕೊನೆಗೆ ಇಲ್ಲವಾಗ್ಬೇಕು, ಅಲ್ವಾ? ಹಾರ್ವರ್ಡ್ ಪ್ರೊಫೆಸರ್ ಅಂದ್ರೆ ಅದಕ್ಕಿಂತ ಮೇಲೆ ಎಲ್ಲಿಗ್ ಹೋಗ್ತೀರಿ. 2009ರ ಜುಲೈನಲ್ಲಿ ಹೆನ್ರಿ ಲೂಯಿಸ್ ಗೇಟ್ಸ್ ಅನ್ನೋ ಕಪ್ಪು ಹಾರ್ವರ್ಡ್ ಪ್ರೊಫೆಸರ್ ಚೀನಾದಿಂದ ವಾಪಸ್ ಬಂದು, ತಮ್ಮ ಮನೆ ಮುಂಬಾಗಿಲು ಸಿಕ್ಕಾಕ್ಕೊಂಡು ತೆಗೀದೆ ಇದ್ದಾಗ ಡ್ರೈವರ್ ಜೊತೆ ಸೇರಿ ತಳ್ತಿದ್ರು. ಯಾರೋ ನೋಡಿ ಪೊಲೀಸ್‌ಗೆ ಫೋನ್ ಮಾಡಿದ್ರು, ಪೊಲೀಸ್ ಬಂದ್ರು, ಮಾತಿಗೆ ಮಾತು ಬೆಳೀತು, ಕೊನೆಗೆ ಅವರ ಮನೆ ಜಗಲಿ ಮೇಲೇ ಅವರಿಗೇ ಬೇಡಿ. ಕೆಲವೇ ದಿನದಲ್ಲಿ ಕೇಸ್ ಕೈಬಿಟ್ರು, ಅಧ್ಯಕ್ಷ ಒಬಾಮಾ ಗೇಟ್ಸ್‌ನೂ ಆ ಪೊಲೀಸನ್ನೂ ಕರೆದು ವೈಟ್‌ಹೌಸ್‌ನಲ್ಲಿ ಬಿಯರ್ ಕುಡ್ಸಿದ್ರು. ಎರಡನೇ ಭಾಗಾನೇ ನಮ್ಮವರು ಹಿಡ್ಕೋತಾರೆ, "ನೋಡಿ, ದೊಡ್ಡ ಮನುಷ್ಯ, ಬಿಟ್ಬಿಟ್ರು" ಅಂತ. ಬಿಟ್ಟಿದ್ದು ದೊಡ್ಡ ಮನುಷ್ಯ ಅಂತಾನೇ ಇರಬಹುದು, ಆದ್ರೆ ಹಿಡಿಯೋವಾಗ ಆ ದೊಡ್ಡಸ್ತಿಕೆ ಕಣ್ಣಿಗೆ ಬಿದ್ದಿಲ್ವಲ್ಲ, ನಾನು ಕೇಳ್ತಿರೋದು ಅದನ್ನ.

ಒಂದು ಕೇಸಿಂದ ಏನ್ ಗೊತ್ತಾಗತ್ತೆ ಅಂತೀರಿ, ಸರಿ, ಹಾಗಾದ್ರೆ ಸಾವಿರಗಟ್ಟಲೆ ತಗೊಳಿ. ಮರಿಯಾನ್ ಬರ್ಟ್ರಾಂಡ್ ಮತ್ತೆ ತಮಿಳುನಾಡಿನ ಹಳ್ಳಿಯಲ್ಲಿ ಹುಟ್ಟಿದ ಸೆಂಧಿಲ್ ಮುಳ್ಳೈನಾಥನ್ ಅಂತ ಇಬ್ರು ಅರ್ಥಶಾಸ್ತ್ರಜ್ಞರು ಬಾಸ್ಟನ್, ಚಿಕಾಗೋ ಪೇಪರಲ್ಲಿ ಬಂದ ಜಾಹೀರಾತುಗಳಿಗೆ ಸುಮಾರು 5,000 ರೆಸ್ಯೂಮೆ ಕಳ್ಸಿದ್ರು, ಎಲ್ಲಾ ಅವರೇ ತಯಾರಿಸಿದ್ದು, ಅರ್ಧಕ್ಕೆ ಎಮಿಲಿ, ಗ್ರೆಗ್ ಥರ ಬಿಳಿಯರ ಹೆಸರು, ಇನ್ನರ್ಧಕ್ಕೆ ಲಕೀಶಾ, ಜಮಾಲ್ ಥರ ಕಪ್ಪು ಜನರ ಹೆಸರು. 2004ರಲ್ಲಿ ಪ್ರಿಂಟ್ ಆಯ್ತು. ಬಿಳಿ ಹೆಸರಿಗೆ 50 ಪರ್ಸೆಂಟ್ ಜಾಸ್ತಿ ಕರೆ ಬಂದಿತ್ತು, ಇಷ್ಟು ಎಲ್ಲರಿಗೂ ಗೊತ್ತು, ಆದ್ರೆ ನಾನು ಕ್ಲಾಸಲ್ಲಿ ಬೋರ್ಡ್ ಮೇಲೆ ದೊಡ್ಡದಾಗಿ ಬರೀತಿದ್ದಿದ್ದು ಅದರೊಳಗಿನ ಇನ್ನೊಂದು ವಿಷ್ಯ. ಅವರು ರೆಸ್ಯೂಮೆನೂ ಎರಡು ಥರ ಮಾಡಿದ್ರು, ಸಾಧಾರಣದ್ದು, ಒಳ್ಳೇದು. ಒಳ್ಳೇದಂದ್ರೆ ಜಾಸ್ತಿ ಅನುಭವ, ಸರ್ಟಿಫಿಕೇಟು ಇಂಥವು. ಬಿಳಿ ಹೆಸರಿನವರಿಗೆ ಒಳ್ಳೆ ರೆಸ್ಯೂಮೆಯಿಂದ ಕರೆ ಹೆಚ್ಚುಕಮ್ಮಿ 30 ಪರ್ಸೆಂಟ್ ಏರ್ತು. ಕಪ್ಪು ಹೆಸರಿನವರಿಗೆ ಅಷ್ಟು ಲಾಭ ಆಗ್ಲೇ ಇಲ್ಲ. ಅಂದ್ರೆ ನೀವು ಹೇಳೋ "ಚೆನ್ನಾಗ್ ಓದಿ ಮೇಲೆ ಬನ್ನಿ" ಅನ್ನೋ ಏಣಿ ಇದ್ಯಲ್ಲ, ಅದರ ಮೆಟ್ಲು ಇಬ್ರಿಗೂ ಒಂದೇ ಅಳತೆ ಇಲ್ಲ.

ಇನ್ನೂ ಒಪ್ಪಲ್ವಾ? "ರೆಸ್ಯೂಮೆ ಕೆಲ್ಸದ ಮಾತಾಯ್ತು, ಶ್ರೀಮಂತರ ಮನೇಲೇ ಹುಟ್ಟಿ ಬೆಳೆದ್ರೆ?" ಅಂತ ನಮ್ಮ ಸಂಬಂಧಿಕರೊಬ್ಬರು ನನ್ ಜೊತೆ ಎರಡು ಗಂಟೆ ವಾದ ಮಾಡಿದ್ರು. ಅದಕ್ಕೂ ಲೆಕ್ಕ ಇದೆ. ರಾಜ್ ಚೆಟ್ಟಿ ಅನ್ನೋ ಅರ್ಥಶಾಸ್ತ್ರಜ್ಞರು ಮತ್ತೆ ಅವರ ಜೊತೆಗಾರರು 2018ರಲ್ಲಿ ಹೆಚ್ಚುಕಮ್ಮಿ 2 ಕೋಟಿ ಮಕ್ಕಳ ಲೆಕ್ಕ ತೆಗೆದ್ರು, ಅಪ್ಪ ಅಮ್ಮನ ಆದಾಯ ಎಷ್ಟಿತ್ತು, ಮಕ್ಳು ದೊಡ್ಡೋರಾದ್ಮೇಲೆ ಎಲ್ಲಿ ನಿಂತ್ರು ಅಂತ. ದೇಶದ ಮೇಲಿನ ಐದನೇ ಒಂದು ಭಾಗದ ಶ್ರೀಮಂತ ಮನೇಲಿ ಬೆಳೆದ ಬಿಳಿ ಹುಡುಗರಲ್ಲಿ 100ಕ್ಕೆ 39 ಜನ ದೊಡ್ಡೋರಾದ್ಮೇಲೂ ಅಲ್ಲೇ ಉಳಿದ್ರು. ಅಂಥದ್ದೇ ಮನೇಲಿ ಬೆಳೆದ ಕಪ್ಪು ಹುಡುಗರಲ್ಲಿ ಉಳಿದಿದ್ದು 17, ಕೆಳಗಿನ ಐದನೇ ಭಾಗಕ್ಕೆ ಜಾರಿದೋರು 21. ಅದೇ ರಸ್ತೆ, ಅಷ್ಟೇ ಆದಾಯ ಇಟ್ಟು ನೋಡಿದ್ರೂ ಅಂತರ ಮಾಯ ಆಗ್ಲಿಲ್ಲ. ಇನ್ನೊಂದು, ಕಪ್ಪು ಹೆಣ್ಣುಮಕ್ಕಳಿಗೂ ಅಷ್ಟೇ ಆದಾಯದ ಮನೆಯ ಬಿಳಿ ಹೆಣ್ಣುಮಕ್ಕಳಿಗೂ ಸಂಬಳದಲ್ಲಿ ಅಂಥ ವ್ಯತ್ಯಾಸ ಇರ್ಲಿಲ್ಲ. ಸಂಬಂಧಿಕರು "ಅವರ ಮನೆ ವಾತಾವರಣಾನೇ ಹಾಗೆ" ಅಂತಾನೂ ಅಂದಿದ್ರು, ಆದ್ರೆ ಅಕ್ಕ ತಮ್ಮ ಇಬ್ರೂ ಅದೇ ಮನೆ, ಅದೇ ಅಡುಗೆ, ಅದೇ ಅಪ್ಪ ಅಮ್ಮ. ಮನೆ ವಾತಾವರಣ ತಮ್ಮನಿಗೆ ಮಾತ್ರ ಕೆಟ್ಟದಾಯ್ತಾ? ಆ ಹುಡುಗ ಮನೆ ಬಾಗ್ಲು ದಾಟಿದ್ಮೇಲೆ ಹೊರಗಿನೋರು ಅವನನ್ನ ಹ್ಯಾಗ್ ನೋಡ್ತಾರೆ ಅನ್ನೋದರ ಕಡೆಗೇ ಇದು ಬೆರಳು ತೋರ್ಸೋದು.

ಹಾಗಂತ ಹೆಣ್ಣುಮಕ್ಕಳು ಪಾರಾದ್ರು ಅನ್ಕೋಬೇಡಿ, ಅವರಿಗೆ ಬೇರೆ ಕಡೆ ಹೊಡ್ತ. ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2019ರಲ್ಲಿ ಕೊಟ್ಟ ಲೆಕ್ಕ: ಕಾಲೇಜ್ ಓದಿದ ಕಪ್ಪು ಹೆಂಗಸರು ಬಸಿರು ಬಾಣಂತನಕ್ಕೆ ಸಂಬಂಧಪಟ್ಟ ಕಾರಣಕ್ಕೆ ಸಾಯೋ ಪ್ರಮಾಣ, ಅಷ್ಟೇ ಓದಿದ ಬಿಳಿ ಹೆಂಗಸರಿಗಿಂತ 5 ಪಟ್ಟು. ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಗೊತ್ತಲ್ಲ, 2017ರಲ್ಲಿ ಸಿಸೇರಿಯನ್ ಆದ ಮಾರನೇ ದಿನ ಉಸಿರು ಕಟ್ಟಕ್ ಶುರುವಾಯ್ತು. ಅವರಿಗೆ ಮೊದ್ಲೇ ರಕ್ತ ಹೆಪ್ಪುಗಟ್ಟೋ ತೊಂದ್ರೆ ಇದ್ದಿದ್ರಿಂದ ತಾವೇ ನರ್ಸ್ ಹತ್ರ ಹೋಗಿ ಸಿಟಿ ಸ್ಕ್ಯಾನ್ ಮಾಡಿ, ಹೆಪ್ಪುಗಟ್ಟೋದನ್ನ ತಡೆಯೋ ಹೆಪಾರಿನ್ ಕೊಡಿ ಅಂದ್ರು. ನೋವಿನ ಔಷಧಿಗೆ ಏನೋ ಮಾತಾಡ್ತಿದಾರೆ ಅನ್ಕೊಂಡ್ರಂತೆ. ಕೊನೆಗೆ ಸ್ಕ್ಯಾನ್ ಮಾಡ್ದಾಗ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿತ್ತು. ಇಷ್ಟು ದುಡ್ಡು, ಇಷ್ಟು ಹೆಸರು ಇರೋರೇ ಮತ್ತೆ ಮತ್ತೆ ಹೇಳ್ಬೇಕಾಯ್ತು.

ನಾನು ಕಣ್ಣಾರೆ ಕಂಡಿದ್ದು ಒಂದಿದೆ. ನಮ್ ಪಕ್ಕದ ಬೀದೀಲಿದ್ದ ನನ್ ಗೆಳತಿ ಡಾಕ್ಟ್ರು, ಅವಳ ಗಂಡ ಇಂಜಿನಿಯರ್ರು, ಇಬ್ರೂ ಕಪ್ಪು. ಮನೆ ಮಾರೋಕೆ ಅಂತ ಬೆಲೆ ಕಟ್ಟೋನು ಬರೋ ಹಿಂದಿನ ದಿನ ನನ್ನ ಸಹಾಯಕ್ಕೆ ಕರೆದ್ಲು. ನಾನು ಗುಡಿಸಿ ಒರೆಸೋ ಕೆಲ್ಸ ಅನ್ಕೊಂಡು ಹೋದೆ. ಅವಳು ಗೋಡೆ ಮೇಲಿನ ಫೋಟೋ ಒಂದೊಂದೇ ಇಳಿಸ್ತಿದ್ಲು, ಮದುವೆದು, ಅತ್ತೆ ಮಾವಂದು, ಮಕ್ಕಳು ಗ್ರಾಜುಯೇಟ್ ಆಗಿದ್ದು. ಶೆಲ್ಫಿಂದ ಕಪ್ಪು ಲೇಖಕರ ಪುಸ್ತಕ ತೆಗೆದು ಅಟ್ಟಕ್ಕೆ. ಬಚ್ಚಲಲ್ಲಿದ್ದ ಅವಳ ತಲೆಕೂದಲಿನ ಎಣ್ಣೆ ಬಾಟ್ಲಿ ಕೂಡ. ಬೆಲೆ ಕಟ್ಟೋನಿಗೆ ಇದು ಯಾರ್ ಮನೆ ಅಂತ ಗೊತ್ತಾಗ್ಬಾರ್ದು, ಗೊತ್ತಾದ್ರೆ ಬೆಲೆ ಇಳಿಸ್ತಾನೆ ಅಂತ. ಅವತ್ತು ಬಾಗ್ಲು ತೆಗೆಯೋಕೆ ಅವಳ ಬಿಳಿ ಸಹೋದ್ಯೋಗಿ ಬಂದು ಕೂತ್ಕೊಂಡಿದ್ಲು. ನಾನು ಆಮೇಲೆ ವಾಪಸ್ ಹೋದಾಗ ಗೋಡೆ ತುಂಬಾ ಮೊಳೆ, ಮೊಳೆ ಸುತ್ತ ಚೌಕಾಕಾರದ ತಿಳಿ ಬಣ್ಣ, ಅಷ್ಟೆ.

ಅವಳ ಸಂಬಳ ನಮ್ಮಿಬ್ರ ಸಂಬಳ ಸೇರ್ಸಿದ್ರೂ ಜಾಸ್ತಿ ಇತ್ತು. ಆ ಸಂಬಳದಿಂದ ಅವಳಿಗೆ ಸಿಕ್ಕಿದ್ದು ಬಚ್ಚಿಡೋಕೆ ಒಂದು ಅಟ್ಟ. ಬಡ ಕಪ್ಪು ಹೆಂಗಸಿಗೆ ಬಾಡಿಗೆ ಮನೆಯಿಂದ ಎತ್ತಂಗಡಿ, ಬಸ್‌ಸ್ಟಾಪಲ್ಲಿ ಪೊಲೀಸ್ ತಪಾಸಣೆ. ನನ್ ಗೆಳತಿಗೆ ಆಸ್ಪತ್ರೇಲಿ ಪೇಶೆಂಟ್‌ಗಳು "ಡಾಕ್ಟ್ರು ಯಾವಾಗ ಬರ್ತಾರೆ" ಅಂತ ಅವಳನ್ನೇ ಕೇಳೋದು. ಎರಡೂ ಒಂದೇ ಅಂತ ನಾನು ಹೇಳಲ್ಲ, ಮೊದಲ್ನೇದು ಜೀವನಾನೇ ಮುರ್ದುಹಾಕತ್ತೆ. ವರ್ಗ ಬದಲಾದ್ರೆ ಪೂರ್ವಾಗ್ರಹ ಬರೋ ದಾರಿ ಬದಲಾಗತ್ತೆ. ಬರೋದು ನಿಲ್ಲಲ್ಲ.

ಯಾಕೆ ಅಂದ್ರೆ ದುಡ್ಡು ಜೇಬಲ್ಲಿರತ್ತೆ, ನಾವೇ ತೆಗೆದು ತೋರಿಸ್ಬೇಕು. ಬಣ್ಣ ನಾವು ಬಾಯಿ ಬಿಡೋಕೆ ಮುಂಚೆನೇ ಕಂಡಿರತ್ತೆ. ಬಡ ಬಿಳಿಯರಿಗೂ ಅವಮಾನ ಇಲ್ವಾ ಅಂತ ಕೇಳಿದ್ರೆ ಖಂಡಿತ ಇದೆ. ಅಪಲಾಚಿಯಾ ಬೆಟ್ಟದ ಕಡೆಯ ಕಲ್ಲಿದ್ದಲು ಗಣಿ ಕುಟುಂಬದ ಒಬ್ಬ ಹುಡ್ಗ ನನ್ ಕ್ಲಾಸಲ್ಲಿದ್ದ, ಅವನು ಬಾಯಿ ತೆಗೆದ್ರೆ ಹಿಲ್‌ಬಿಲ್ಲಿ, ಅಂದ್ರೆ ಬೆಟ್ಟದ ಗಮಾರ ಅಂತ ಹಿಂದಿನ ಬೆಂಚಲ್ಲಿ ನಗ್ತಿದ್ರು, ಒಂದು ವರ್ಷ ಕ್ಲಾಸಲ್ಲಿ ಮಾತೇ ಆಡ್ಲಿಲ್ಲ. ಅವನ ನೋವು ಸುಳ್ಳಲ್ಲ. ಆದ್ರೆ ಆಮೇಲೆ ಅವನು ಟಿವಿ ನೋಡ್ಕೊಂಡು ಮಾತಿನ ಧಾಟಿ ತಿದ್ಕೊಂಡ, ಒಂದು ಇಸ್ತ್ರಿ ಶರ್ಟ್ ಹಾಕ್ಕೊಂಡು ಇಂಟರ್‌ವ್ಯೂಗೆ ಹೋದ, ಅಲ್ಲಿ ಯಾರಿಗೂ ಅವನ ಊರು ಗೊತ್ತಾಗ್ಲಿಲ್ಲ. ನನ್ ಗೆಳತಿ ಗೋಡೆಯಿಂದ ಫೋಟೋ ಇಳಿಸಬಹುದು, ಮುಖ ಎಲ್ಲಿ ಇಳಿಸ್ತಾಳೆ.

ಈಗ "ಅದೆಲ್ಲ ಕಪ್ಪು ಜನರ ಕಥೆ, ನಾವು ಇಂಡಿಯನ್ಸ್ ಬೇರೆ" ಅನ್ನೋ ಮಾತು ಬಂದೇ ಬರತ್ತೆ. ವೈಷ್ಣೋ ದಾಸ್ ಬಗಾಯ್ ಅಂತ ಒಬ್ರು 1915ರಲ್ಲೇ ಹೆಂಡತಿ ಕಲಾ ಮತ್ತೆ ಮೂರು ಮಕ್ಕಳ ಜೊತೆ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋದ್ರು, ಬರೀಗೈಲಿ ಅಲ್ಲ, 25,000 ಡಾಲರ್ ಇಟ್ಕೊಂಡು. ಆ ಕಾಲದ 25,000. ಬರ್ಕ್ಲಿಯಲ್ಲಿ ಮನೆ ತಗೊಂಡು ಸಾಮಾನು ತುಂಬ್ಕೊಂಡು ಹೋದ್ರೆ ಅಕ್ಕಪಕ್ಕದೋರು ಇವರು ಒಳಗೆ ಹೋಗದ ಹಾಗೆ ಮನೆಗೆ ಬೀಗ ಹಾಕಿದ್ರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನೋ ಇನ್ನೊಬ್ಬ ಭಾರತೀಯರ ಕೇಸಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಕೊಡ್ತು, ಬಗಾಯ್ ಅವರ ಪೌರತ್ವಾನೂ ಹೋಯ್ತು, 1928ರಲ್ಲಿ ಅವರು ಪ್ರಾಣ ಕಳ್ಕೊಂಡ್ರು, ಆತ್ಮಹತ್ಯೆ. ಈಗ ಬರ್ಕ್ಲಿಯ ಒಂದು ರಸ್ತೆಗೆ ಕಲಾ ಬಗಾಯ್ ಹೆಸರಿಟ್ಟಿದಾರೆ. 1965ರಲ್ಲಿ ವಲಸೆ ಕಾನೂನು ಬದಲಾಗಿ ಡಾಕ್ಟ್ರು, ಇಂಜಿನಿಯರ್ರು ಅಂತ ಆರಿಸಿ ಆರಿಸಿ ಕರ್ಕೊಂಡ್ಮೇಲೆ ಹೋದೋರು ನಾವು. ಅವರು ಜರಡಿ ಹಿಡಿದು ತಗೊಂಡ್ರು, ನಾವು ಅದನ್ನ ನಮ್ಮ ಸಂಸ್ಕಾರ ಅನ್ಕೊಂಡ್ವಿ. ಆ 1965ರ ಕಾನೂನು ಬಂದಿದ್ದೂ ಕಪ್ಪು ಜನರ ಹಕ್ಕಿನ ಹೋರಾಟದ ಬಿಸಿಯಲ್ಲೇ.

ಆ ಜರಡಿ ಫುಟ್‌ಪಾತ್ ಮೇಲೆ ಕೆಲ್ಸಕ್ಕೆ ಬರಲ್ಲ. 2015ರ ಫೆಬ್ರವರೀಲಿ ಅಲಬಾಮಾದ ಮ್ಯಾಡಿಸನ್ ಅನ್ನೋ ಊರಲ್ಲಿ ಗುಜರಾತಿಂದ ಮೊಮ್ಮಗನ ನೋಡ್ಕೊಳಕ್ಕೆ ಬಂದಿದ್ದ 57 ವರ್ಷದ ಅಜ್ಜ ಬೆಳಿಗ್ಗೆ ಮಗನ ಮನೆ ಹತ್ರ ವಾಕಿಂಗ್ ಮಾಡ್ತಿದ್ರು. ತೆಳ್ಳಗಿರೋ ಕಪ್ಪು ಮನುಷ್ಯ ಓಡಾಡ್ತಿದಾನೆ ಅಂತ ಒಬ್ರು ಫೋನ್ ಮಾಡಿದ್ರು. ಪೊಲೀಸ್ ಬಂದಾಗ ಅವರಿಗೆ ಬಂದಿದ್ದು ಇಂಗ್ಲಿಷ್ ಇಲ್ಲ, ಇಂಡಿಯಾ, ಇಷ್ಟೇ. ನೆಲಕ್ಕೆ ಕೆಡವಿದ ಏಟಿಗೆ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ಭಾಗಶಃ ತಪ್ಪಿತು. ಮಗ ಇಂಜಿನಿಯರ್ ಅನ್ನೋದು ಅಪ್ಪನ ಸ್ವೆಟರ್ ಮೇಲೆ ಬರ್ದಿರಲ್ಲ. ನಮ್ಮ ಕಡೆಯಿಂದ ಬಾಣಂತನಕ್ಕೆ ಅಂತ ಎಷ್ಟು ಅಪ್ಪ ಅಮ್ಮ ಹೋಗ್ತಾರೆ, ನಿಮಗೇ ಗೊತ್ತು.

ಇಲ್ಲಿಗೆ ಉತ್ತರ ಮುಗೀಬೇಕು, ಆದ್ರೆ ಯಾರೂ ಕೇಳದ ಇನ್ನೊಂದು ವಿಷ್ಯ ಹೇಳ್ದೆ ನನಗೆ ಸಮಾಧಾನ ಇಲ್ಲ. ಅಮೇರಿಕಾದ ಕೊಲಂಬಿಯಾ ಯೂನಿವರ್ಸಿಟೀಲಿ ಓದಿ ಬಂದ ಅಂಬೇಡ್ಕರ್ ಅವರಿಗೆ 1917ರಲ್ಲಿ ಬರೋಡಾದಲ್ಲಿ ಇರೋಕೆ ಜಾಗ ಸಿಗದೆ ಹೋಗಿದ್ದು ಗೊತ್ತಿರೋ ದೇಶದಲ್ಲಿ "ಓದಿದ್ರೆ ಯಾರೂ ಏನೂ ಅನ್ನಲ್ಲ" ಅಂತ ಕೇಳೋಕೆ ನಮಗೆ ಹ್ಯಾಗ್ ಮನಸ್ಸು ಬರತ್ತೆ? ಬಣ್ಣದ ವಿಷ್ಯಕ್ಕೆ ಅಮೇರಿಕಾವರೆಗೂ ಹೋಗ್ಬೇಕಾಗಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡುಗಳಲ್ಲಿ ಸಿದ್ದಿಗಳಿದಾರೆ, ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಆಫ್ರಿಕಾದಿಂದ ಬಂದೋರ ಪೀಳಿಗೆ, ಶತಮಾನಗಳಿಂದ ನಮ್ಮ ನೆಲದವರೇ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರ್ಸಿದ್ರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದ್ರು.

ನನ್ ಹತ್ರ ಪ್ರಾಜೆಕ್ಟ್ ಮಾಡಿದ ಒಬ್ಬ ಸಿದ್ದಿ ಹುಡ್ಗ ಬೆಂಗಳೂರಲ್ಲಿ ಕೆಲ್ಸ ಸಿಕ್ಕಿ ಮನೆ ಹುಡುಕ್ತಿದ್ದ. ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡ್ದಾಗ ಓನರ್‌ಗೆ ಅವನ ಕನ್ನಡ ಕೇಳಿ ಖುಷಿಯೋ ಖುಷಿ, "ನಮ್ ಕನ್ನಡದ ಹುಡ್ಗ, ಬಾಪ್ಪ, ಸಂಜೆ ಬಂದು ನೋಡು" ಅಂದ್ರು. ಸಂಬಳದ ಸ್ಲಿಪ್ಪು, ಅಡ್ವಾನ್ಸು ಎಲ್ಲಾ ಹಿಡ್ಕೊಂಡು ಹೋದ. ಬಾಗ್ಲು ತೆಗೆದೋರು ಒಂದು ನಿಮಿಷ ನಿಂತು, ಮನೆ ಈಗಷ್ಟೇ ಬೇರೆಯವರಿಗೆ ಆಗೋಯ್ತು ಅಂದ್ರು. ಆಮೇಲೆ ಅವನು ಮೆಟ್ಲು ಇಳೀತಾ ಇದ್ರೆ ಹಿಂದಿಂದ ಕೇಳಿದ್ರಂತೆ, "ಕನ್ನಡ ಇಷ್ಟ್ ಚೆನ್ನಾಗ್ ಮಾತಾಡ್ತೀಯಲ್ಲ, ಎಲ್ಲಿ ಕಲ್ತಿದ್ದು?" ಅಂತ. "ನಮ್ಮಮ್ಮನ ಹತ್ರ" ಅಂದು ಬಂದ. ಮರುದಿನ ಬೆಳಿಗ್ಗೆ ಆ ಬೋರ್ಡ್ ಅಲ್ಲೇ ಇತ್ತು, ಅವನು ಬಸ್ಸಿಂದ ನೋಡಿದ.