ಹತ್ತು ಮಾತ್ರೆ: ಮೂರು ದಿನಕ್ಕಾ, ಹತ್ತು ವಾರಕ್ಕಾ?

ಪಾರ್ಫೀರಿಯಾ, ಅಂದರೆ ಹೀಮ್ ಎಂಬ ರಕ್ತದ ವಸ್ತುವಿನ ತಯಾರಿ ಹದಗೆಡುವ ರೋಗಗಳು, ಇದ್ದವರು ಮಲೇರಿಯಾ ಮಾತ್ರೆ ಮುಟ್ಟಲೇಬಾರದು ಅನ್ನುತ್ತಾರೆ. ಅರ್ಧ ಸತ್ಯ. ಯಾವ ಪಾರ್ಫೀರಿಯಾ, ಯಾವ ಮಾತ್ರೆ, ಎಷ್ಟು ಅಂತ ಕೇಳಬೇಕಲ್ವಾ?

ರಕ್ತಕ್ಕೆ ಬಣ್ಣ ಕೊಡುವ ಹೀಮ್ ನಮ್ಮ ಮೈಯಲ್ಲಿ ಎಂಟು ಹಂತಗಳಲ್ಲಿ ತಯಾರಾಗುತ್ತದೆ. ಹಂತಕ್ಕೊಂದು ಕಿಣ್ವ. ಐದನೆಯ ಕಿಣ್ವ ಸೊರಗಿದರೆ ಪಾರ್ಫೀರಿಯಾ ಕ್ಯುಟೇನಿಯಾ ಟಾರ್ಡಾ. ಅರೆಬೆಂದ ಸರಕು, ಅಂದರೆ ಪಾರ್ಫಿರಿನ್, ಲಿವರ್‌ನಲ್ಲಿ ಕೂಡಿಕೊಳ್ಳುತ್ತದೆ. ಬಿಸಿಲು ತಾಗಿದ ಕೈಮೇಲೆ ಬೊಬ್ಬೆ ಏಳುತ್ತವೆ.

ರಕ್ತಪಿಶಾಚಿಯ ಕಥೆ ಹುಟ್ಟಿದ್ದೇ ಪಾರ್ಫೀರಿಯಾದಿಂದ, ಹೀಮ್ ಕೊರತೆ ತುಂಬಲು ರೋಗಿಗಳು ರಕ್ತ ಕುಡಿಯುತ್ತಿದ್ದಿರಬೇಕು ಎಂದು 1985ರಲ್ಲಿ ಕೆನಡಾದ ರಸಾಯನ ವಿಜ್ಞಾನಿ ಡೇವಿಡ್ ಡಾಲ್ಫಿನ್ ಹೇಳಿದರು. ಪತ್ರಿಕೆಗಳಿಗೆ ಹಬ್ಬ. ಆದರೆ ಕುಡಿದ ರಕ್ತದ ಹೀಮ್ ಕರುಳಿನ ಗೋಡೆಯಲ್ಲೇ ಒಡೆದುಹೋಗುತ್ತದೆ. ರೋಗಿಗೆ ಅದರಿಂದ ಏನೂ ಸಿಗುವುದಿಲ್ಲ. ಸುಮ್ನೆ ರೋಗಿಗಳಿಗೆ ಕೆಟ್ಟ ಹೆಸರು ಬಂತು, ಅಷ್ಟೇ.

ಮಲೇರಿಯಾ ಮಾತ್ರೆ ಕ್ಲೋರೋಕ್ವಿನ್‌ಗೂ ಹೀಮ್‌ಗೂ ಹಳೆಯ ನಂಟು. ಮಲೇರಿಯಾದ ಜೀವಿ ನಮ್ಮ ಹಿಮೋಗ್ಲೋಬಿನ್ ತಿನ್ನುತ್ತದೆ. ಉಳಿದ ಹೀಮ್ ಅದಕ್ಕೆ ವಿಷ, ಹಾಗಾಗಿ ಹರಳು ಮಾಡಿ ಪಕ್ಕಕ್ಕಿಡುತ್ತದೆ. ಕ್ಲೋರೋಕ್ವಿನ್ ಆ ಹರಳು ಕಟ್ಟಲು ಬಿಡುವುದಿಲ್ಲ. ಲಿವರ್‌ನಲ್ಲಿ ಇದೇ ಔಷಧ ಪಾರ್ಫಿರಿನ್‌ಗೂ ಅಂಟಿಕೊಳ್ಳುತ್ತದೆ, ಅದನ್ನು ಮೂತ್ರದ ದಾರಿ ಹಿಡಿಸುತ್ತದೆ. ಸ್ವಲ್ಪ ಸ್ವಲ್ಪ ಹೋದರೆ ಒಳ್ಳೆಯದೇ. ಒಟ್ಟಿಗೇ ಹೊರಟರೆ ಲಿವರ್‌ಗೆ ಪೆಟ್ಟು: ಜ್ವರ, ವಾಕರಿಕೆ, ಹೊಟ್ಟೆನೋವು, ಕಂದು ಮೂತ್ರ. ಕೆರೆಯ ತೂಬು ಎತ್ತುವುದಕ್ಕೂ ಏರಿ ಒಡೆಯುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಲೆಕ್ಕ ನೋಡಿ. ನಮ್ಮಲ್ಲಿ ಸಿಗುವ 250 ಮಿಲಿಗ್ರಾಂ ಕ್ಲೋರೋಕ್ವಿನ್ ಮಾತ್ರೆಯನ್ನು ವೈವ್ಯಾಕ್ಸ್ ಮಲೇರಿಯಾ ಬಂದ ದೊಡ್ಡವರಿಗೆ ಮೂರು ದಿನ 4, 4, 2ರಂತೆ ಕೊಡುತ್ತಾರೆ. ಟಾರ್ಡಾ ರೋಗಕ್ಕೆ ವಾರಕ್ಕೆ ಎರಡು ಸಲ ಅರ್ಧರ್ಧ ಮಾತ್ರೆ. ಅಂದರೆ ಹತ್ತು ವಾರದ ಚಿಕಿತ್ಸೆ ಮೂರೇ ದಿನದಲ್ಲಿ ಒಳಗೆ!

ಹಠಾತ್ತನೆ ಹೊಟ್ಟೆ ಹಿಂಡುವ, ಕೈಕಾಲು ಸೋಲಿಸುವ ಅಕ್ಯೂಟ್ ಪಾರ್ಫೀರಿಯಾದ ಕಥೆಯೇ ಬೇರೆ. ಅಲ್ಲಿ ಕ್ಲೋರೋಕ್ವಿನ್ ಅಷ್ಟೇನೂ ತಂಟೆ ಮಾಡುವುದಿಲ್ಲ. ಭಯ ಇರುವುದು ಸಲ್ಫಾ ಔಷಧಗಳದ್ದು. ಫಾಲ್ಸಿಪ್ಯಾರಮ್ ಮಲೇರಿಯಾಕ್ಕೆ ಆರ್ಟೆಸುನೇಟ್ ಜೊತೆ ಕೊಡುತ್ತ ಬಂದಿರುವ ಸಲ್ಫಾಡಾಕ್ಸಿನ್ ಆ ಗುಂಪಿನದೇ.

ಮಂಗಳೂರಿನಂಥ ಊರಿನಲ್ಲಿ ಮಾತ್ರೆ ಶುರುವಾದ ಮೇಲೆ ಮೂತ್ರ ಕಂದಾದರೆ ಮೊದಲು ಮಲೇರಿಯಾವನ್ನೇ ದೂರುತ್ತಾರೆ, ಇಲ್ಲವೇ ಮಲೇರಿಯಾದ ಇನ್ನೊಂದು ಮಾತ್ರೆ ಪ್ರೈಮಾಕ್ವಿನ್‌ನಿಂದ ರಕ್ತಕಣ ಒಡೆಯಿತು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದೇ ಸರಿ. ಕೈಮೇಲೆ ಹಳೆಯ ಬೊಬ್ಬೆ ಕಲೆಗಳೂ ಇದ್ದರೆ ಮಾತ್ರ ಮೂತ್ರದಲ್ಲಿ ಪಾರ್ಫಿರಿನ್ ಅಳೆಸಿ ನೋಡಬೇಕು.