ಇಬ್ಬರೂ ಸೇವ್ ಒತ್ತಿದರು, 18,000 ರೂಪಾಯಿ ಕಾಣೆ

ಬದಿಯಡ್ಕದ ಒಂದು ಅಡಿಕೆ ಖರೀದಿ ಸಂಘ ಅಂತ ಇಟ್ಟುಕೊಳ್ಳಿ. ಒಬ್ಬ ಕೃಷಿಕರ ಖಾತೆಯಲ್ಲಿ 40,000 ರೂಪಾಯಿ ಇದೆ. ಅವರು ಹಳೆ ಅಡಿಕೆ ತೂಗಿಸಿದ್ದಾರೆ, 18,000 ಜಮೆ ಆಗಬೇಕು. ಅದೇ ಹೊತ್ತಿಗೆ ಮಗ ಪೆರ್ಲದ ಶಾಖೆಯಲ್ಲಿ ಗೊಬ್ಬರ ಕೊಂಡು 5,000 ಅಪ್ಪನ ಖಾತೆಗೆ ಬರೆಸುತ್ತಾನೆ. ಎರಡೂ ಕಂಪ್ಯೂಟರ್ ಓದಿದ್ದು 40,000. ಒಂದು 58,000 ಅಂತ ಬರೆಯಿತು. ಅದರ ಬೆನ್ನಿಗೇ ಇನ್ನೊಂದು 35,000 ಅಂತ ಬರೆಯಿತು. ಇರಬೇಕಾದದ್ದು 53,000. ಅಡಿಕೆಯ ದುಡ್ಡು ಹೋಯಿತು, ಎರರ್ ಮಾತ್ರ ಎಲ್ಲೂ ಬರಲಿಲ್ಲ.

‘ಟ್ರಾನ್ಸಾಕ್ಷನ್ ಹಾಕಿದ್ದೇವಲ್ಲ’ ಅನ್ನುವವರು ಜಾಸ್ತಿ. ಟ್ರಾನ್ಸಾಕ್ಷನ್ ಅಂದರೆ ಹಲವು ಕೆಲಸ ಒಂದೇ ಗಂಟಾಗಿ, ಆದರೆ ಎಲ್ಲ ಆಗಬೇಕು, ಇಲ್ಲವೇ ಒಂದೂ ಆಗಬಾರದು ಅನ್ನುವ ಏರ್ಪಾಡು. ಅದೊಂದೇ ಸಾಲದು. ಒಂದು ಟ್ರಾನ್ಸಾಕ್ಷನ್ ಇನ್ನೊಂದಕ್ಕೆ ಎಷ್ಟು ಅಡ್ಡ ಬರಬಹುದು ಅನ್ನುವುದಕ್ಕೆ ಡೇಟಾಬೇಸ್‌ಗಳಲ್ಲಿ ಹಂತಗಳಿವೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೀಫಾಲ್ಟ್ ಹಂತ ರೀಡ್ ಕಮಿಟೆಡ್, ಅಂದರೆ ಬೇರೆಯವರು ಬರೆದು ಮುಗಿಸಿದ್ದನ್ನು ಮಾತ್ರ ಓದುವುದು. ಅದರಲ್ಲಿ ಈ ಎರಡೂ ಬರಹ ಸಲೀಸಾಗಿ ದಾಟುತ್ತವೆ. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ (ಡೇಟಾ ಇಡುವ ಎಂಜಿನ್) ಡೀಫಾಲ್ಟ್ ಆಗಿ ಇನ್ನೂ ಬಿಗಿಯಾದ ರಿಪೀಟೆಬಲ್ ರೀಡ್ ಹಂತದಲ್ಲಿದ್ದರೂ ಇಲ್ಲಿ ತಡೆಯುವುದಿಲ್ಲ. ಪೋಸ್ಟ್‌ಗ್ರೆಸ್‌ನ ರಿಪೀಟೆಬಲ್ ರೀಡ್ ಆದರೆ ಎರಡನೆಯವರಿಗೆ ಎರರ್ ಕೊಡುತ್ತದೆ. ಆಗ ಇಡೀ ಟ್ರಾನ್ಸಾಕ್ಷನ್ ಮತ್ತೆ ಮೊದಲಿಂದ ಓಡಿಸುವ ಕೆಲಸ ನಮ್ಮ ಪ್ರೋಗ್ರಾಂನದು.

ಹಣ, ಸ್ಟಾಕ್ ಇಂಥದ್ದಕ್ಕೆ ದಾರಿ ಸುಲಭ. ಹೊಸ ಮೊತ್ತವನ್ನು ನೀವು ಲೆಕ್ಕ ಹಾಕಿ ಕಳಿಸಬೇಡಿ. ‘ಈಗ ಇರುವುದಕ್ಕೆ 18,000 ಕೂಡಿಸು’ ಅಂತ ಅಪ್‌ಡೇಟ್ ಆದೇಶದಲ್ಲೇ ಹೇಳಿ. ಡೇಟಾಬೇಸ್ ಬೇರೆಯವರು ಬದಲಿಸದಂತೆ ಆ ಸಾಲಿಗೆ ಬೀಗ ಹಾಕಿಕೊಂಡು ಒಂದಾದ ಮೇಲೆ ಒಂದು ಮಾಡುತ್ತದೆ.

ಫಾರಂ ತಿದ್ದುವ ಕೆಲಸಕ್ಕೆ ಇದು ನಡೆಯದು. ನಮ್ಮ ಕಾಸರಗೋಡಿನಲ್ಲಿ ಸದಸ್ಯರ ಹೆಸರು ಕನ್ನಡ, ಮಲಯಾಳ ಎರಡರಲ್ಲೂ ಇರುತ್ತದೆ. ಒಬ್ಬರು ಮಲಯಾಳದ ಹೆಸರು ಸರಿಪಡಿಸುತ್ತಿರುವಾಗ ಇನ್ನೊಬ್ಬರು ಫೋನ್ ನಂಬರ್ ಬದಲಿಸಿದರು. ಫಾರಂ ಎಲ್ಲ ಕಾಲಂಗಳನ್ನೂ ಒಟ್ಟಿಗೆ ಬರೆಯುವುದಾದರೆ, ಹೆಸರಿನ ಜೊತೆ ಹಳೇ ನಂಬರೂ ವಾಪಸ್ ಬಂದು ಕೂರುತ್ತದೆ. ಇದಕ್ಕೆ ಟೇಬಲ್‌ನಲ್ಲಿ ಒಂದು ವರ್ಷನ್ ಕಾಲಂ ಇಡಿ. ಓದುವಾಗ 7 ಇತ್ತು ಅಂದುಕೊಳ್ಳಿ. ಬರೆಯುವಾಗ ‘ವರ್ಷನ್ ಇನ್ನೂ 7 ಇದ್ದರೆ ಮಾತ್ರ ಬರೆ, ಬರೆದು 8 ಮಾಡು’ ಅನ್ನಿ. ಎಷ್ಟು ಸಾಲು ಬದಲಾಯಿತು ಅಂತ ತಪ್ಪದೆ ನೋಡಿ. ಸೊನ್ನೆ ಅಂತ ಬಂದರೆ ನಡುವೆ ಬೇರೆಯವರು ಬರೆದಿದ್ದಾರೆ. ವರ್ಷನ್ ಬದಲು ಸಮಯ ನೋಡುವವರಿದ್ದಾರೆ. ಒಂದೇ ಸೆಕೆಂಡಿನಲ್ಲಿ ಇಬ್ಬರು ಬರೆದರೆ ಅದು ಕೈಕೊಡುತ್ತದೆ, ನಂಬರೇ ವಾಸಿ.

ಆಮೇಲೆ ‘ಮತ್ತೆ ಪ್ರಯತ್ನಿಸಿ’ ಅಂತ ಸುಮ್ನೆ ಹೇಳಿ ಬಿಡಬೇಡಿ. ಕೌಂಟರಿನಲ್ಲಿ ಕೂತವರು ಟೈಪ್ ಮಾಡಿದ್ದು ಹಾಗೇ ಉಳಿಯಲಿ. ಬೇರೆಯವರು ಏನು ಬದಲಿಸಿದ್ದಾರೆ ಅಂತ ಪಕ್ಕದಲ್ಲೇ ತೋರಿಸಿ. ಯಾವುದು ಸರಿ ಅಂತ ಅವರಿಗೇ ಗೊತ್ತಿರುತ್ತದೆ, ಅಲ್ವಾ?

ಓದುವಾಗಲೇ ಬೀಗ ಹಾಕುವ ಸೆಲೆಕ್ಟ್ ಫಾರ್ ಅಪ್‌ಡೇಟ್ ಕೂಡ ಇದೆ. ಬ್ಯಾಲೆನ್ಸ್ ನೋಡಿ, ಸಾಲ ಕೊಡಬಹುದೇ ಎಂದು ಪ್ರೋಗ್ರಾಂ ತೀರ್ಮಾನಿಸುವಂಥ ಚುಟುಕು ಕೆಲಸಕ್ಕೆ ಅದು ಒಳ್ಳೆಯದು. ಮನುಷ್ಯರು ಫಾರಂ ತುಂಬುವಷ್ಟು ಹೊತ್ತು ಆ ಬೀಗ ಹಿಡಿಯಲೇಬೇಡಿ. ಎರಡು ಖಾತೆಗೆ ಬೀಗ ಬೇಕಾದರೆ ಯಾವಾಗಲೂ ಸಣ್ಣ ನಂಬರಿನ ಖಾತೆ ಮೊದಲು. ಇಲ್ಲದಿದ್ದರೆ ಒಬ್ಬರಿಗೊಬ್ಬರು ಕಾಯುತ್ತಾ ಇಬ್ಬರೂ ಮುಂದೆ ಹೋಗದ ಡೆಡ್‌ಲಾಕ್ ಆಗಬಹುದು.

ಒಬ್ಬರೇ ಕೂತು ಟೆಸ್ಟ್ ಮಾಡಿದರೆ ಇದೊಂದೂ ಕಾಣುವುದಿಲ್ಲ. ಎರಡು ಬ್ರೌಸರ್‌ನಲ್ಲಿ ಒಂದೇ ಸದಸ್ಯರ ಪುಟ ತೆರೆಯಿರಿ. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಫೋನ್ ತಿದ್ದಿ, ಎರಡನ್ನೂ ಸೇವ್ ಮಾಡಿ. ಆಮೇಲೆ ಪುಟವನ್ನು ಹೊಸದಾಗಿ ತೆರೆದು ಎರಡೂ ತಿದ್ದುಪಡಿ ಉಳಿದಿವೆಯೇ, ಇಲ್ಲವೇ ಎರಡನೆಯ ಸೇವ್‌ಗೆ ಎಚ್ಚರಿಕೆಯಾದರೂ ಬಂತೇ ನೋಡಿ.